ಜಗಲಿಕಟ್ಟೆಯ ಮೇಲೆ ಹೆಡತಲೆಯ ದಾವೆ

ಮೈಮೇಲೆ ಗುರುತು ಬೀಳದ ಹಾನಿಗಳನ್ನು ವಿಚಾರಿಸಲು 2008ರಲ್ಲಿ ನಂಜನಗೂಡಿನಲ್ಲಿ ಅಗೋಚರ ತೊಂದರೆಗಳ ಪರಿಹಾರ ಕಚೇರಿ ಎಂಬುದೊಂದಿತ್ತು. ಅಲ್ಲಿಗೆ ಬರುತ್ತಿದ್ದ ದೂರುಗಳು ಹೆಚ್ಚಾಗಿ ದೃಷ್ಟಿ ತಾಗಿದ್ದು ಮತ್ತು ಪಕ್ಕದ ಮನೆಯ ಒಗ್ಗರಣೆ ಘಾಟು. ಎಲ್ಲವೂ ಸುಸೂತ್ರವಾಗಿ ಇತ್ಯರ್ಥವಾಗುತ್ತಿದ್ದವು.

ಹೆಡತಲೆ ಗ್ರಾಮದ ಪುಟ್ಟಮಾದಮ್ಮನ ತೊಂದರೆ ಬೇರೆ ಜಾತಿಯದು. ನಂಜನಗೂಡಿನಲ್ಲಿ ಡಿಗ್ರಿ ಓದುತ್ತಿದ್ದ ಆಕೆಯ ಮಗಳು ಧನುಶ್ರೀ ಕಾಲೇಜು ಬಿಟ್ಟೊಡನೆ ಮಲ್ಲಿಕಾರ್ಜುನನ ಸೈಬರ್ ಸೆಂಟರಿಗೆ ಹೋಗಿ 'ಜಗಲಿಕಟ್ಟೆ' ಎಂಬ ಗೆಳೆತನದ ಜಾಲತಾಣದ ಮುಂದೆ ಕೂರುತ್ತಿದ್ದಳು. ತನ್ನ ಫೋಟೋ ಕೆಳಗೆ ಯಾರು ಏನು ಬರೆದರೆಂದು ನೋಡುವುದು, ಯಾರೂ ಬರೆಯದಿದ್ದರೆ ಬರೆಯುವ ತನಕ ಕಾಯುವುದು. ಮನೆಗೆ ಬಂದರೆ ಮಾತಿಲ್ಲ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಯಾರೋ ಗೆಳತಿ ತನ್ನ ಪಟ್ಟಿಯಿಂದ ಆಕೆಯ ಹೆಸರು ತೆಗೆದಳೆಂದು ಗೋಡೆಗೆ ಮುಖ ಮಾಡಿ ಮಲಗಿದವಳು ಪರೀಕ್ಷೆಗೂ ಏಳಲಿಲ್ಲ.

ಹೆದರಿದ ತಾಯಿ ವಕೀಲ ಗಂಗಾಧರಸ್ವಾಮಿಯವರ ಬಳಿ ಓಡಿದಳು. ಅವರು ಕಾನೂನಿನ ದಾರಿಗಳನ್ನು ಸಾವಧಾನವಾಗಿ ವಿವರಿಸಿದರು. ಗ್ರಾಹಕರ ವೇದಿಕೆಗೆ ಹೋಗುವಂತಿಲ್ಲ, ಏಕೆಂದರೆ ಜಗಲಿಕಟ್ಟೆ ಪುಕ್ಕಟೆ. ದುಡ್ಡು ಕೊಟ್ಟು ಹಾಳಾಗಿದ್ದರೆ ಮಾತ್ರ ಧನುಶ್ರೀ ಗ್ರಾಹಕಿ. ಪೊಲೀಸರಿಗೆ ಗಾಯ ಬೇಕು. ಉಳಿದದ್ದು ಅಗೋಚರ ಕಚೇರಿ.

ಕಚೇರಿಯ ಅಧಿಕಾರಿ ಶಿವಮೂರ್ತಿಯವರು ಹಾನಿ ಅಗೋಚರವೆಂಬುದಕ್ಕೆ ಪುರಾವೆ ಕೇಳಿದರು. ಡಾಕ್ಟರು ಹುಡುಗಿಯನ್ನು ನೋಡಿ "ಏನೂ ಕಾಣಿಸುತ್ತಿಲ್ಲ" ಎಂದು ಬರೆದುಕೊಟ್ಟರು. ಇದಕ್ಕಿಂತ ಬಲವಾದ ಸಾಕ್ಷಿ ಕಚೇರಿಗೆ ಹಿಂದೆಂದೂ ಬಂದಿರಲಿಲ್ಲ.

"ಈ ಜಗಲಿಕಟ್ಟೆ ಯಾವ ಹೋಬಳಿಗೆ ಸೇರುತ್ತೆ?" ಎಂದು ಶಿವಮೂರ್ತಿಯವರು ಕೇಳಿದರು.

"ಅದು ಇಂಟರ್ನೆಟ್ಟಲ್ಲಿದೆ ಸಾರ್," ಎಂದರು ವಕೀಲರು.

"ಅಂದ್ರೆ ನಮ್ಮ ತಾಲ್ಲೂಕಲ್ಲ. ಟಿ. ನರಸೀಪುರಕ್ಕೆ ಬರೀರಿ."

ಅಲ್ಲಿನ ಶಾಖೆ ಪ್ರಾಮಾಣಿಕವಾಗಿ ಹುಡುಕಿತು. ಸದರಿ ಹೆಸರಿನ ಗ್ರಾಮ ನಮ್ಮಲ್ಲಿಲ್ಲ, ತಲಕಾಡಿನ ಮರಳಿನಡಿ ಇದ್ದರೂ ಇರಬಹುದು, ಆದರೆ ಅಗೆಯುವುದು ಬೇರೆ ಇಲಾಖೆಯ ಕೆಲಸ ಎಂದು ಉತ್ತರ ಬಂತು.

ಆದಕಾರಣ ಪ್ರತಿವಾದಿ ಕಡೆಯದಾಗಿ ಕಂಡ ಜಾಗದಲ್ಲೇ ನೋಟಿಸ್ ಅಂಟಿಸಲು ಹುಕುಂ ಆಯಿತು. ಜವಾನ ರಾಚಯ್ಯ ಸೈಬರ್ ಸೆಂಟರಿನ ಕಂಪ್ಯೂಟರಿನ ಪರದೆಗೆ ಗೋಂದು ಬಳಿದು ಅಂಟಿಸಿ ಬಂದ. ಉತ್ತರ ಬರಲಿಲ್ಲ. ಆಗ ಶಿವಮೂರ್ತಿಯವರು ಜಗಲಿಕಟ್ಟೆಯ ಒಳಗೇ ಹೋಗಿ ನೋಟಿಸ್ ಕೊಡತಕ್ಕದ್ದೆಂದು ಆದೇಶಿಸಿದರು. ಒಳಗೆ ಹೋಗಲು ರಾಚಯ್ಯ ಸದಸ್ಯನಾಗಬೇಕಾಯಿತು. ಗೆಳೆಯರಿಲ್ಲದ ಸದಸ್ಯನನ್ನು ಯಾರೂ ನಂಬುವುದಿಲ್ಲವೆಂದು ವಕೀಲರೂ ಸೇರಿದರು. ಮೇಲ್ವಿಚಾರಣೆಗೆಂದು ಶಿವಮೂರ್ತಿಯವರೂ ಸೇರಿದರು.

ಕಪಿಲೆಯ ಸ್ನಾನಘಟ್ಟದಲ್ಲಿ ಕೊಡೆ ಹಿಡಿದು ನಿಂತ ರಾಚಯ್ಯನ ಫೋಟೋಗೆ ದಾವಣಗೆರೆಯಿಂದ ಯಾರೋ "ಸೂಪರ್ ಅಣ್ಣ" ಎಂದು ಬರೆದರು. ಇಷ್ಟು ವರ್ಷದ ಸರ್ವಿಸಿನಲ್ಲಿ ಅವನಿಗೆ ಯಾರೂ ಹಾಗೆ ಅಂದಿರಲಿಲ್ಲ. ಮಾರನೆಯ ದಿನ ಬಾಗಿಲು ತೆರೆಯುವ ಮೊದಲೇ ಸೆಂಟರಿನ ಮುಂದೆ ನಿಂತಿದ್ದ. ವಕೀಲರು ಕೋರ್ಟಿಗೆ ಹೋಗುವುದು ಬಿಟ್ಟರು. ವಾರ ಕಳೆಯುವುದರೊಳಗೆ ಕಚೇರಿಯ ಸಿಬ್ಬಂದಿಯೆಲ್ಲ ತನಿಖೆಯ ಮೇಲೆ ಅಲ್ಲೇ ಕುಳಿತಿತ್ತು.

ಧನುಶ್ರೀಗೆ ಕುರ್ಚಿ ಸಿಗದಾಯಿತು. ಮೊದಮೊದಲು ಬಾಗಿಲಲ್ಲೇ ನಿಂತು ಕಾದಳು, ಮನೆಗೆ ಬಂದು ಪಾತ್ರೆ ಎಸೆದಳು. ಬರಬರುತ್ತ ಮಧ್ಯಾಹ್ನದ ಬಸ್ಸಿಗೇ ಊರಿಗೆ ಬರತೊಡಗಿದಳು. ತಾಯಿಯ ಜೊತೆ ಬಾಳೆತೋಟಕ್ಕೆ ಕೂಲಿಗೆ ಹೋದಳು, ಹಸಿದು ಉಂಡಳು, ಕಣ್ತುಂಬ ನಿದ್ದೆ ಮಾಡಿದಳು. ಬಿಟ್ಟಿದ್ದ ಪರೀಕ್ಷೆಗೆ ಕಟ್ಟಿದಳು.

ಪುಟ್ಟಮಾದಮ್ಮ ದೂರು ವಾಪಸ್ ಪಡೆಯಲು ಸೈಬರ್ ಸೆಂಟರಿಗೆ ಬಂದಳು.

"ಮಗಳು ಸರೋದ್ಲು ಕಣ್ಸಾ. ನೆನ್ನೆ ನನ್ ಕೂಡೆ ಬಾಯ್ತುಂಬ ಜಗಳ ಆಡುದ್ಲು. ಕೇಸು ಬ್ಯಾಡ."

ಶಿವಮೂರ್ತಿಯವರ ಕಣ್ಣುಗಳು ಕೆಂಪಗಿದ್ದವು. ಪರದೆಯಿಂದ ಮುಖ ತೆಗೆಯದೆ, ಅದು ಸಾಧ್ಯವಿಲ್ಲವೆಂದರು. ಹಾನಿಯು ತನಿಖೆಯ ಅವಧಿಯಲ್ಲಿ ಧನುಶ್ರೀಯಿಂದ ಕಚೇರಿಗೆ ವರ್ಗವಾಗಿದೆ, ಆದ್ದರಿಂದ ಇನ್ನು ಮುಂದೆ ಅಧಿಕಾರಿಯಾದ ತಾವು, ವಕೀಲರು ಮತ್ತು ರಾಚಯ್ಯನೇ ದೂರುದಾರರು. ಇವರನ್ನು ಜಗಲಿಕಟ್ಟೆಗೆ ಹತ್ತಿಸಿದ್ದು ಪುಟ್ಟಮಾದಮ್ಮನ ಅರ್ಜಿ. ಆದಕಾರಣ ಪ್ರತಿವಾದಿ ಆಕೆಯೇ. ವಿಳಾಸವೂ ಸ್ಪಷ್ಟವಿದೆ.

ವಕೀಲರು ಟೈಪು ಮಾಡುತ್ತಲೇ ಇದು ನ್ಯಾಯವೆಂದರು. ಪರಿಹಾರವಾಗಿ ಆಕೆ ದಿನಾ ಸಂಜೆ ಬಂದು ಮೂವರನ್ನೂ ಕುರ್ಚಿಯಿಂದ ಎಬ್ಬಿಸಿ, ನಾಲ್ಕು ಮಾತಾಡಿಸಿ, ಮನೆಗೆ ಕಳಿಸತಕ್ಕದ್ದೆಂದು ತೀರ್ಪಾಯಿತು.

ಪುಟ್ಟಮಾದಮ್ಮ ಕೊಂಚ ಹೊತ್ತು ಮೂವರ ಮುಖ ನೋಡಿದಳು. ಮಗಳ ಮುಖದಲ್ಲಿ ಕಂಡಿದ್ದೇ ಅಲ್ಲೂ ಇತ್ತು.

"ಆಯ್ತು ಬುಡಿ ಸಾ, ಬತ್ತೀನಿ," ಎಂದು ನೋಟಿಸಿಗೆ ಹೆಬ್ಬೆಟ್ಟು ಒತ್ತಿದಳು.

ಒಂದು ನೋಟಿಸ್ ಕೊನೆಗೂ ಜಾರಿಯಾದ ಸಂತೋಷಕ್ಕೆ ರಾಚಯ್ಯ ಆಕೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಜಗಲಿಕಟ್ಟೆಗೆ ಹಾಕಿದ. ಪಕ್ಕದ ಕುರ್ಚಿಯಿಂದಲೇ ಶಿವಮೂರ್ತಿಯವರು ಅದರ ಕೆಳಗೆ "ಅನುಮೋದಿಸಲಾಗಿದೆ" ಎಂದು ಬರೆದರು.