ಹೊರಡದ ಗಾಡಿ, ನಿಲ್ಲದ ಗಾಡಿ

೧೯೮೨ರ ಫೆಬ್ರುವರಿ ೧೫. ಬೆಳಿಗ್ಗೆ ಸ್ವಲ್ಪ ಚಳಿ ಇತ್ತು. ಹತ್ತು ಗಂಟೆಗೆ ಬಿಸಿಲು ಚುರುಗುಟ್ಟತೊಡಗಿತು. ಮೋಡವಿರಲಿಲ್ಲ.

ಅಡತಿ ಅಂಗಡಿಯಲ್ಲಿ ಕೆಲಸಕ್ಕಿರುವವನು ನಗಬೇಕೆಂದರೆ ಎಲ್ಲಿಗೂ ಹೋಗಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡು ಕುಳಿತರೆ ಸಾಕು, ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಗದಗಿನ ಅಂಥದೊಂದು ಅಂಗಡಿಯಲ್ಲಿ ನಾನು ದಿವಾನಜಿ, ಅಂದರೆ ಲೆಕ್ಕ ಬರೆಯುವವನು. ರೈತರು ತಂದ ಶೇಂಗಾ, ಹತ್ತಿ ಮಾರಿಸಿಕೊಡುವುದು, ಮಾರಿದವನಿಂದಲೂ ಕೊಂಡವನಿಂದಲೂ ದಲಾಲಿ ತೆಗೆದುಕೊಳ್ಳುವುದು ನಮ್ಮ ಅಂಗಡಿಯ ಕಸುಬು.

ಹಿರಿಯ ಸಾವಕಾರರು ತೀರಿಕೊಂಡು ವರ್ಷವಾಗಿತ್ತು. ಅವರು ಕೂಡುತ್ತಿದ್ದ ಗಾದಿ ಖಾಲಿ ಇತ್ತು. ಅದರ ಬಲಕ್ಕೆ ದೊಡ್ಡ ಮಗ, ಎಡಕ್ಕೆ ಸಣ್ಣ ಮಗ ಕೂಡುತ್ತಿದ್ದರು. ಇಬ್ಬರೂ ದಿನಕ್ಕಿಷ್ಟು ಸರಿಯುತ್ತ ಸರಿಯುತ್ತ, ಈಗ ಒಬ್ಬೊಬ್ಬರ ಒಂದೊಂದು ತೊಡೆ ಗಾದಿಯ ಮೇಲೆ ಬಂದಿತ್ತು.

ಮನೆಯ ಅಂಗಳದಲ್ಲಿ ಎರಡು ಹಳೆಯ ಪಿಕಪ್ ಗಾಡಿಗಳಿದ್ದವು. ಒಂದೇ ಕಂಪನಿಯವು, ಒಂದೇ ಅಚ್ಚಿನವು. ನೀಲಿಯದನ್ನು ಆರಿಸಿ ತಂದವರು ದೊಡ್ಡ ಸಾವಕಾರರು, ಹಳದಿಯದನ್ನು ಸಣ್ಣ ಸಾವಕಾರರು. ನೀಲಿಯ ಸ್ಟಾರ್ಟರ್ ಸತ್ತಿತ್ತು, ಹಳದಿಯ ಬ್ರೇಕು ಸತ್ತಿತ್ತು. ಒಂದು ನಿಂತರೆ ಹೊರಡುತ್ತಿರಲಿಲ್ಲ, ಇನ್ನೊಂದು ಹೊರಟರೆ ನಿಲ್ಲುತ್ತಿರಲಿಲ್ಲ. ರಿಪೇರಿಗೆ ಕೊಟ್ಟರೆ ಕೆಟ್ಟಿದೆ ಎಂದು ಒಪ್ಪಿಕೊಂಡಂತಾಗುತ್ತದಲ್ಲ, ಹಾಗಾಗಿ ಇಬ್ಬರೂ ಕೊಟ್ಟಿರಲಿಲ್ಲ.

ಅಂದು ಇವರ ತಾಯಿ, ಪೇಟೆಗೆಲ್ಲ ಅವ್ವಾರು, ಸಂಡಿಗೆ ಒಣಹಾಕಲು ಅಂಗಳಕ್ಕೆ ಬಂದರು. ಚಾಪೆ ಹಾಸಲು ಜಾಗವಿರಲಿಲ್ಲ. ಮಕ್ಕಳಿಬ್ಬರನ್ನೂ ಕರೆಸಿದರು.

“ಯುಗಾದಿಗೆ ಈ ಅಂಗಳದಾಗ ಒಂದ ಗಾಡಿ ಇರಬೇಕು. ಯಾರ ಗಾಡಿ ಉಳೀತೈತಿ, ಅವರು ನಿಮ್ಮಪ್ಪನ ಗಾದಿ ಮ್ಯಾಲ ಕುಂಡ್ರಲಿ. ಇನ್ನೊಬ್ಬಾವ ಬಾಯಿ ಮುಚಗೊಂಡು ಬಾಜೂಕ ಕುಂಡ್ರಬೇಕು.” ನನ್ನ ಕಡೆ ತಿರುಗಿದರು. “ದಿವಾನಜಿ, ನೀವು ಎರಡೂ ಗಾಡ್ಯಾಗ ಅಡ್ಡಾಡಿ ಬಂದು ನನಗ ಹೇಳ್ರಿ. ನೀವು ಮಾತು ಕಡಿಮಿ. ಸುಳ್ಳೂ ಕಡಿಮಿ ಇದ್ದೀತು.”

ಡಂಬಳದ ದಿಬ್ಬ

ನೀಲಿ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಮಾತ್ರ ಮತ್ತೆ ಹೊರಡಿಸಬಹುದಿತ್ತು. ಆದ್ದರಿಂದ ಏರಿನ ಮೇಲೆ ಮನೆಯಿದ್ದ ರೈತರಷ್ಟೇ ದೊಡ್ಡ ಸಾವಕಾರರಿಗೆ ಆಪ್ತರು. ಸಪಾಟು ನೆಲದವರ ಮದುವೆಗೂ ಅವರು ಹೋದವರಲ್ಲ, ಮಣ್ಣಿಗೂ ಹೋದವರಲ್ಲ.

ಡಂಬಳದ ರೈತನೊಬ್ಬ ಇದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ. “ಸಾವಕಾರ್ರ, ಎಷ್ಟು ವರ್ಷ ಆತು ನಿಮಗ ಮಾಲು ಹಾಕಾಕತ್ತು. ಒಮ್ಮೆರ ನಮ್ಮ ಮನಿಗೆ ಬಂದಿಲ್ಲ. ನಾವೇನು ಜಾತಿ ಕೆಟ್ಟೇವೇನ್ರಿ?”

“ಜಾತಿ ಅಲ್ಲೋ ಮಾರಾಯಾ. ನಿಮ್ಮ ಓಣಿ ಸಪಾಟ ಐತಿ.”

“ಅಷ್ಟ ಹೌದಲ್ರಿ? ಬರೂ ವಾರ ಬರ್ರಿ.”

ಹೋದೆವು. ಮುಂಡರಗಿಯಿಂದ ಬಂದಿದ್ದ ದೊಡ್ಡವರ ಭಾವಮೈದುನನೂ ಜೊತೆಗಿದ್ದ. ರೈತ ಮನೆಯ ಮುಂದೆ ಮಣ್ಣು, ಗರಸು ಒಟ್ಟಿ ಒಂದು ದಿಬ್ಬ ಮಾಡಿಸಿದ್ದ. ಮೇಲೆ ಸಗಣಿ ಸಾರಿಸಿ ರಂಗೋಲಿ ಹಾಕಿಸಿದ್ದ. ಓಣಿಯ ಜನ ಎರಡೂ ಕಡೆ ನಿಂತಿದ್ದರು. ಗಾಡಿ ಬುಸುಗುಡುತ್ತ ರಂಗೋಲಿಯವರೆಗೆ ಹೋಯಿತು, ನಿಂತಿತು, ಹಿಂದಕ್ಕೆ ಜಾರಿತು. ಇನ್ನೊಮ್ಮೆ ಹೋಯಿತು, ಇನ್ನೊಮ್ಮೆ ಜಾರಿತು.

“ಭಾವಾರ, ಗಾಡ್ಯಾಗ ದಮ್ಮಿಲ್ಲ,” ಎಂದ ಭಾವಮೈದುನ.

“ದಮ್ಮು ಐತಿ. ದಿಬ್ಬ ಹೊಸಾದು,” ಎಂದರು ದೊಡ್ಡವರು.

ಕಡೆಗೆ ರೈತ ಎರಡು ಜೋಡಿ ಎತ್ತು ಕಟ್ಟಿ ಗಾಡಿಯನ್ನು ದಿಬ್ಬದ ಮೇಲಕ್ಕೆ ಎಳೆಸಿದ. ಅದು ಅಲ್ಲಿ ಗುಡಿಯ ಮುಂದಿನ ಬಸವಣ್ಣನ ಹಾಗೆ ಕುಳಿತಿತು. ನಾವು ಒಳಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ಉಂಡು ಬಂದೆವು.

ಸಂಜೆ ಅವ್ವಾರು ಕೇಳಿದರು: “ಹೆಂಗೈತಿ ಗಾಡಿ?”

“ಇಳಿಯೂದು ಭಾಳ ಛಲೋ ಇಳೀತೈತ್ರಿ,” ಎಂದೆ.

ಲಕ್ಷ್ಮೇಶ್ವರದ ಮೂರು ಸುತ್ತು

ಸಣ್ಣ ಸಾವಕಾರರು ಮಗಳಿಗೆ ಲಕ್ಷ್ಮೇಶ್ವರದಲ್ಲಿ ಒಂದು ಮನೆತನ ನೋಡಿದ್ದರು. ಮಾತುಕತೆಗೆ ಹಳದಿ ಗಾಡಿಯಲ್ಲಿ ಹೊರಟೆವು. ಯಳವತ್ತಿ ದಾಟುತ್ತಲೇ, ಲಕ್ಷ್ಮೇಶ್ವರ ಇನ್ನೂ ದೂರವಿರುವಾಗಲೇ, ಅವರು ಗಾಡಿ ನಿಲ್ಲಿಸುವ ಕೆಲಸ ಶುರು ಮಾಡಿದರು. ಆದರೂ ಊರು ಬೇಗ ಬಂತು.

ಬೀಗರಾಗಬೇಕಾದವರು ಕಾಲಿಗೆ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗಾಡಿ ಅವರ ಮುಂದೆಯೇ ಹಾದು ಹೋಯಿತು. ಸಣ್ಣವರು ಒಂದು ಕೈ ಹೊರಗೆ ಚಾಚಿ, “ಶರಣ್ರೀ! ಬಂದ್ವಿ!” ಎಂದರು.

ಬಜಾರ ಸುತ್ತಿ ಮತ್ತೆ ಅದೇ ಓಣಿಗೆ ಬಂದೆವು. “ಒಳಗ ಬರ್ರಲ!” ಎಂದು ಬೀಗರು ಕೂಗಿದರು.

“ಬಂದ್ವಿ, ಬಂದ್ವಿ!” ಎನ್ನುತ್ತ ದಾಟಿದೆವು.

ಮೂರನೆಯ ಸಲ ಬೀಗರ ಕೈಯಲ್ಲಿ ತಂಬಿಗೆ ಇರಲಿಲ್ಲ, ಚಹಾದ ಕಪ್ಪು-ಬಸಿ ಇತ್ತು. “ಚಾ ಆರಾಕತ್ತೈತ್ರೀ!”

ಚಹಾವನ್ನೂ ದಾಟಿ ಹೋದೆವು. ನಾಲ್ಕನೆಯ ಸಲ ಸಣ್ಣವರು ಧೈರ್ಯ ಮಾಡಿ, ಬೀಗರದೇ ಹಿತ್ತಲಿಗೆ ತಿರುಗಿಸಿ, ಮೇವಿನ ಬಣವೆಯೊಳಗೆ ಗಾಡಿ ನುಗ್ಗಿಸಿದರು. ಅದು ನಿಂತಿತು. ಅರ್ಧ ಬಣವೆ ನಮ್ಮ ಮೇಲೆ ಕುಳಿತಿತು.

ಬೀಗರು ಬಂದು ಸಣ್ಣವರ ತಲೆಯಿಂದ ಒಂದೊಂದೇ ಜೋಳದ ಕಣಿಕೆ ತೆಗೆಯುತ್ತ ಹೇಳಿದರು: “ಗುಡಿಗಾದ್ರೂ ಒಂದ ಸುತ್ತು ಹಾಕಿ ಒಳಗ ಹೊಕ್ಕಾರ. ನಮ್ಮ ಮನಿಗೆ ಮೂರು ಹಾಕಿದ್ರಿ. ಇಷ್ಟು ಮರ್ಯಾದಿ ಮಾಡೋ ಬೀಗರು ಮತ್ತೆಲ್ಲಿ ಸಿಗಬೇಕು?” ಸಂಬಂಧ ಅಲ್ಲೇ ಕೂಡಿತು. ವರ ಆ ಹೊತ್ತಿಗೆ ಬಣವೆಯನ್ನು ಮರಳಿ ಒಟ್ಟುತ್ತಿದ್ದ.

ತಿರುಗಿ ಬರುವಾಗ ಸಣ್ಣವರ ಎದೆ ಉಬ್ಬಿತ್ತು. “ನೋಡ್ರಿ ದಿವಾನಜಿ, ಮಗಳ ಲಗ್ನ ಕೂಡಿಸಿದ ಗಾಡಿ. ಇದನ್ನ ಯಾರರ ಮಾರತಾರೇನು?”

ಅಷ್ಟರಲ್ಲಿ ಸಾವಕಾರರ ಮನೆ ಹಿಂದೆ ಉಳಿದು, ಗದಗ ದಾಟಿ ಬೆಟಗೇರಿ ಬಂದಿತ್ತು.

ಶಿರಹಟ್ಟಿಯ ಬುದ್ಧಿ

ನನ್ನ ವರದಿಗಳಿಂದ ಅವ್ವಾರಿಗೆ ತೀರ್ಮಾನವಾಗಲಿಲ್ಲ. ಶಿರಹಟ್ಟಿಯಿಂದ ಒಬ್ಬ ನೆಂಟರನ್ನು ಕರೆಸಿದರು. ಅವರು ಸರಕಾರಿ ಜೀಪಿನ ಹಿಂದಿನ ಸೀಟಿನಲ್ಲಿ ಮೂವತ್ತು ವರ್ಷ ಕುಳಿತು ನಿವೃತ್ತರಾದವರು. ಆ ಆಧಾರದ ಮೇಲೆ ಇಂಜಿನ್ ಬಲ್ಲವರೆಂದು ಹೆಸರಾಗಿದ್ದರು.

ಅವರು ಎರಡೂ ಗಾಡಿಗಳ ಬಾನೆಟ್ ತಟ್ಟಿದರು, ಟಾಯರಿಗೆ ಒದ್ದರು, ಎಣ್ಣೆ ಮೂಸಿದರು, ಎರಡು ಸಲ ಚಹಾ ಕುಡಿದರು. “ಇದರಾಗೇನೈತಿ? ಒಂದರ ಛಲೋದು ತಗದು ಇನ್ನೊಂದಕ್ಕ ಹಾಕ್ರಿ. ಒಂದು ಗಾಡಿ ಪೂರಾ ಛಲೋ ಆಕ್ಕೈತಿ. ಇನ್ನೊಂದನ್ನ ಗುಜರಿಗೆ ಕೊಡ್ರಿ.”

ಅಣ್ಣತಮ್ಮಂದಿರು ಕೂಡಲೇ ಒಪ್ಪಿದರು. ವರ್ಷದಲ್ಲಿ ಅವರು ಒಪ್ಪಿದ ಮೊದಲ ಮಾತು ಅದು. ಯಾವುದರದು ತೆಗೆದು ಯಾವುದಕ್ಕೆ ಹಾಕಬೇಕೆಂದು ನೆಂಟರು ಹೇಳಿರಲಿಲ್ಲ, ಇವರೂ ಕೇಳಲಿಲ್ಲ.

ಮರುದಿನ ಎರಡೂ ಗಾಡಿಗಳು ಬೆಟಗೇರಿಯ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದವು. ಮುಂಜಾನೆ ದೊಡ್ಡವರು ಹೋಗಿ, “ಹಳದಿ ಗಾಡೀದು ಸ್ಟಾರ್ಟರ್ ತಗದು ನೀಲಿಗೆ ಹಾಕು,” ಎಂದರು. ಮಧ್ಯಾಹ್ನ ಸಣ್ಣವರು ಹೋಗಿ, “ನೀಲಿದು ಬ್ರೇಕ್ ತಗದು ಹಳದಿಗೆ ಹಾಕು,” ಎಂದರು. ಮೇಸ್ತ್ರಿ ಇಬ್ಬರ ಮಾತನ್ನೂ ನಡೆಸಿದ. ತೆಗೆದ ಜಾಗ ಖಾಲಿ ಬಿಡಬಾರದೆಂದು ಇದರ ಹಳೆಯದನ್ನು ಅದಕ್ಕೆ, ಅದರ ಹಳೆಯದನ್ನು ಇದಕ್ಕೆ ಕೂಡಿಸಿದ. ಮಜೂರಿಯನ್ನು ಇಬ್ಬರಿಂದಲೂ ತೆಗೆದುಕೊಂಡ.

ಈಗ ನೀಲಿ ಗಾಡಿ ಹೊರಟರೆ ನಿಲ್ಲುತ್ತಿರಲಿಲ್ಲ. ಹಳದಿ ಗಾಡಿ ನಿಂತರೆ ಹೊರಡುತ್ತಿರಲಿಲ್ಲ.

ಇದರಿಂದ ಇಬ್ಬರಿಗೂ ನಾಚಿಕೆಯಾಗಬಹುದೆಂದು ನಾನು ಎಣಿಸಿದ್ದೆ. ಮರುದಿನ ದೊಡ್ಡವರು ಅಂಗಡಿಯಲ್ಲಿ ಹೇಳುತ್ತಿದ್ದರು: “ಗಾಡಿ ಅಂದ್ರ ಓಡಬೇಕು. ನಿಲ್ಲಾಕ ಕಲ್ಲು ಸಾಲದೇನು?” ಸಣ್ಣವರು ಹೇಳುತ್ತಿದ್ದರು: “ಮರ್ಯಾದಿ ಇದ್ದ ಗಾಡಿ ನಿಂತಲ್ಲಿ ನಿಂದರತೈತಿ. ಕಂಡಕಂಡಲ್ಲಿ ಓಡೂದಿಲ್ಲ.” ಹಿಂದಿನ ವಾರ ಇವರು ಹೇಳಿದ್ದನ್ನು ಈಗ ಅವರು, ಅವರು ಹೇಳಿದ್ದನ್ನು ಇವರು. ಸ್ಟಾರ್ಟರ್, ಬ್ರೇಕುಗಳ ಜೊತೆಗೆ ಅಭಿಪ್ರಾಯವನ್ನೂ ಮೇಸ್ತ್ರಿ ಅದಲು ಬದಲು ಮಾಡಿ ಕಳಿಸಿದ್ದ.

ಅವ್ವಾರಿಗೆ ಹೇಳಿದೆ. ಅವರು ಕಟ್ಟೆಯ ಮೇಲೆ ಹರವಿದ ಸಂಡಿಗೆ ಮಗುಚುತ್ತ ಹೇಳಿದರು: “ಪುಣ್ಯಾಕ ಆ ಮೇಸ್ತ್ರಿ ಇವರ ತಲಿ ಬಿಚ್ಚಲಿಲ್ಲ. ಬಿಚ್ಚಿದ್ರ ಹಾಕಾಕ ಏನೂ ಸಿಗತಿದ್ದಿಲ್ಲ.”

ಟವೆಲ್ಲಿನ ಕೆಳಗೆ

ಯುಗಾದಿ ಸಮೀಪಿಸಿತು. ಅವ್ವಾರು ಕಡೆಯ ಮಾತು ಹೇಳಿದರು: “ಎರಡೂ ಸಂತಿಗೆ ಒಯ್ರಿ. ಯಾವುದಕ್ಕ ರೊಕ್ಕ ಹೆಚ್ಚು ಬರತೈತಿ, ಅದನ್ನ ಕೊಟ್ಟ ಬಿಡ್ರಿ. ಕಡಿಮಿ ಬಂದದ್ದು ಉಳೀಲಿ.”

ವ್ಯಾಪಾರಸ್ಥರ ಮನೆಗೆ ತಕ್ಕ ಮಾತು. ಆದರೆ ಅದರಲ್ಲಿ ಒಂದು ತಿರುವಿತ್ತು. ತನ್ನ ಗಾಡಿ ಉಳಿಯಬೇಕಾದರೆ, ಗಾದಿ ಸಿಗಬೇಕಾದರೆ, ಇನ್ನೊಬ್ಬರ ಗಾಡಿಗೆ ದರ ಏರಬೇಕು. ಇದು ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆಯಿತು.

ದೊಡ್ಡವರು ನನ್ನನ್ನು ಗೋದಾಮಿನ ಹಿಂದೆ ಕರೆದರು. “ದಿವಾನಜಿ, ತಿಜೋರಿಯಿಂದ ರೊಕ್ಕ ತಗೊಂಡೇನಿ. ತಮ್ಮಗ ಹೇಳಬ್ಯಾಡ್ರಿ.”

ಚಹಾದ ಹೊತ್ತಿಗೆ ಸಣ್ಣವರು ಅದೇ ಗೋದಾಮಿನ ಹಿಂದೆ ಕರೆದರು. “ರೊಕ್ಕ ತಗೊಂಡೇನಿ. ಅಣ್ಣಗ ಹೇಳಬ್ಯಾಡ್ರಿ.”

ನಾನು ಯಾರಿಗೂ ಹೇಳಲಿಲ್ಲ. ನನಗೆ ಆ ಚಟವಿಲ್ಲ.

ಹಳೆಯ ವಾಹನ ಮಾರಿಸುವ ದಲ್ಲಾಳಿ ನಮ್ಮಲ್ಲಿ ಯಾರೂ ಇರಲಿಲ್ಲ. ಎತ್ತಿನ ದಲ್ಲಾಳಿಯನ್ನೇ ಗೊತ್ತು ಮಾಡಿದರು. ದನದ ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ದಲ್ಲಾಳಿ ಕೈಯ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಗಿರಾಕಿಯ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದರೆ ಅಷ್ಟು ದರ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಟವೆಲ್ ತೆಗೆದು ದರ ಕೂಗಿದ ಮೇಲೆ ಮಾತು ತಿರುಗಿಸುವಂತಿಲ್ಲ. ಮಾರಿದವನೂ ಕೊಂಡವನೂ ಅಲ್ಲಿಯೇ ದಲಾಲಿ ಎಣಿಸಬೇಕು.

ನೀಲಿ ಗಾಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿದ್ದೆವು. ಹಳದಿಯನ್ನು ಹಮಾಲರು ನೂಕಿಕೊಂಡು ಬಂದಿದ್ದರು. ದಲ್ಲಾಳಿ ಎರಡರ ಬಾನೆಟ್ಟನ್ನೂ ಎತ್ತಿನ ಬಾಯಿಯಂತೆ ತೆರೆದು ನೋಡಿದ. “ಹಲ್ಲು ಉದರ್ಯಾವು. ಖರೆ, ಮೈಕಟ್ಟು ಐತಿ,” ಎಂದ.

ಹಳದಿ ಗಾಡಿ ಕೊಳ್ಳಲು ಬಂದವನು ದೊಡ್ಡವರ ಭಾವಮೈದುನ, ಮುಂಡರಗಿಯವನು. ನೀಲಿ ಗಾಡಿ ಕೊಳ್ಳಲು ಬಂದವರು ಸಣ್ಣವರ ಬೀಗರು, ಲಕ್ಷ್ಮೇಶ್ವರದವರು.

ದೊಡ್ಡವರು ಬೀಗರನ್ನು ಕಂಡು ಕಣ್ಣು ಕಿರಿದು ಮಾಡಿದರು. “ನೀವು ಇಲ್ಲಿ?”

“ಸುಮ್ನ ಬಂದೆ. ನಮಗೂ ಒಂದು ಗಾಡಿ ಬೇಕಾಗಿತ್ತು.”

“ಯಾಕ್ರಿ, ಮತ್ತ ಬಣವಿ ಒಟ್ಟೀರೇನು?”

ಸಣ್ಣವರು ಭಾವಮೈದುನನನ್ನು ನೋಡಿದರು, ಏನೂ ಕೇಳಲಿಲ್ಲ. ಕೇಳಿದರೆ ತಾವೂ ಹೇಳಬೇಕಾಗುತ್ತಿತ್ತು. ಇಬ್ಬರಿಗೂ ಎಲ್ಲ ತಿಳಿದಿತ್ತು, ಇಬ್ಬರೂ ತಿಳಿಯದವರಂತೆ ನಿಂತರು.

ದಲ್ಲಾಳಿ ಆ ಟವೆಲ್ಲಿನಿಂದ ಈ ಟವೆಲ್ಲಿಗೆ ಓಡಾಡತೊಡಗಿದ. ಭಾವಮೈದುನನ ಕಿವಿಯಲ್ಲಿ, “ಆ ಗಾಡಿ ಮುಂದ ಹೊಂಟೈತಿ,” ಎನ್ನುವನು. ಬೀಗರ ಕಿವಿಯಲ್ಲಿಯೂ ಅದನ್ನೇ ಹೇಳುವನು. ಏನಾದರಾಗಲಿ ಏರಿಸು ಎಂಬ ಹುಕುಂ ಹೊತ್ತು ಬಂದ ಇಬ್ಬರೂ ಏರಿಸುತ್ತ ಹೋದರು. ದಲ್ಲಾಳಿ ನೀಲಿಯ ಕಡೆಯಿಂದ ನಗುತ್ತ ಬಂದರೆ ದೊಡ್ಡವರ ಮುಖ ಬಾಡುತ್ತಿತ್ತು, ಹಳದಿಯ ಕಡೆಯಿಂದ ನಗುತ್ತ ಬಂದರೆ ಸಣ್ಣವರು ಬೆವರು ಒರೆಸಿಕೊಳ್ಳುತ್ತಿದ್ದರು. ತಮ್ಮ ಮಾಲಿಗೆ ದರ ಏರಿದರೆ ಅಳುವ ವ್ಯಾಪಾರಸ್ಥರನ್ನು ಗದಗಿನ ಜನ ಅಂದೇ ಮೊದಲು ಕಂಡದ್ದು. ಎತ್ತು ಕೊಳ್ಳಲು ಬಂದವರು ಎತ್ತು ಬಿಟ್ಟು ಇಲ್ಲಿ ನೆರೆದರು.

ದರ ಹೊಸ ಗಾಡಿಯ ಬೆಲೆಯ ಹತ್ತಿರ ಬಂದಾಗ ದಲ್ಲಾಳಿ ಎರಡೂ ಟವೆಲ್ ಒಮ್ಮೆಲೇ ತೆಗೆದು ಕೂಗಿದ. ಎರಡಕ್ಕೂ ಒಂದೇ ದರ. ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಹೆಚ್ಚು ಬಂದದ್ದು ಹೋಗಬೇಕು ಎಂದಿದ್ದರು ಅವ್ವಾರು. ಸಂತೆಯ ಕಟ್ಟಳೆಯಂತೆ ಎರಡೂ ಹೋದವು.

ಮಧ್ಯಾಹ್ನ ಎರಡೂ ತಿರುಗಿ ಬಂದವು. ಆ ಗಾಡಿಗಳನ್ನು ಕೊಂಡವರಿಗೂ ಬೇಕಾಗಿರಲಿಲ್ಲವಲ್ಲ. “ನಿಮ್ಮ ಮಾಲು ನೀವ ಇಟಗೋರಿ,” ಎಂದು ಭಾವಮೈದುನ ಹಳದಿಯನ್ನು ನೂಕಿಸಿಕೊಂಡು ಬಂದು ಅಂಗಳದಲ್ಲಿ ಬಿಟ್ಟ. ಹಿಂದೆಯೇ ಬೀಗರು ನೀಲಿಯಲ್ಲಿ ಬಂದರು. ನಿಲ್ಲಿಸಬೇಕೆಂದು ಅವರಿಗೂ ಇತ್ತು. ಅದು, ಅಂಗಳ ಖಾಲಿಯಾಯಿತೆಂದು ಅವ್ವಾರು ಹಾಸಿದ್ದ ಸಂಡಿಗೆಯ ಚಾಪೆಯ ಮೇಲೆ ಹಾದು, ಹಳದಿಗೆ ಗುದ್ದಿ ನಿಂತಿತು. ಆ ಮನೆಯಲ್ಲಿ ವರ್ಷದಿಂದ ಕೂಡದಿದ್ದ ಎರಡು ವಸ್ತುಗಳು ಅಂದು ಕೂಡಿದವು.

ಸಂಜೆ ಅವ್ವಾರು ಅಂಗಡಿಗೆ ಬಂದರು. ನೇರವಾಗಿ ಹೋಗಿ ಗಾದಿಯ ನಡುವೆ ಕುಳಿತರು. ಮಕ್ಕಳಿಬ್ಬರ ತೊಡೆಗಳೂ ತಾವಾಗಿಯೇ ಸರಿದವು. ಇಬ್ಬರೂ ಎದ್ದು, ಕೂಲಿಗೆ ನಿಂತ ಹಮಾಲರಂತೆ ಮುಂದೆ ನಿಂತರು.

“ದಿವಾನಜಿ, ಗಾಡಿ ಎಷ್ಟಕ್ಕ ಹೋದವು?”

“ಹೋಗಿಲ್ರಿ ಅವ್ವಾರ. ಅಂಗಳದಾಗ ಅದಾವು.”

“ಮಾರಿ ಬಂದ ರೊಕ್ಕ?”

“ತಿಜೋರ್ಯಾಗ ಐತ್ರಿ.”

“ಕೊಂಡೋರಿಗೆ ರೊಕ್ಕ ಎಲ್ಲಿಂದ ಬಂತು?”

“ಅದೂ ತಿಜೋರೀದ ರೀ.”

ಅವ್ವಾರು ಮಕ್ಕಳನ್ನು ಒಂದು ಗಳಿಗೆ ನೋಡಿದರು. “ಅಂದ್ರ ಮನಿ ಬಿಟ್ಟು ಹೊರಗ ಏನೂ ಹೋಗಿಲ್ಲ?”

“ದಲಾಲಿ ಹೋಗೈತ್ರಿ. ಎರಡು ಗಾಡಿ ಮಾರಿದ್ದಕ್ಕ, ಎರಡು ಗಾಡಿ ಕೊಂಡಿದ್ದಕ್ಕ.”

“ಎಲ್ಲಾ ಕೂಡಿ ಎಷ್ಟು ಕೊಟ್ರು?”

“ಎರಡು ಸಾವಿರದ ನಾಲ್ಕು ನೂರು ರೀ. ಆ ದಲ್ಲಾಳಿ ಅದ ರೊಕ್ಕದಾಗ ಸಂತ್ಯಾಗ ಒಂದು ಜೋಡಿ ಎತ್ತು ಹಿಡಕೊಂಡು ಹೋದ. ಹೊಂಡು ಅಂದ್ರ ಹೊಂಡತಾವು, ನಿಲ್ಲು ಅಂದ್ರ ನಿಲ್ಲತಾವು.”