ಸಂಶಯಕ್ಕೊಂದು ಡಿಗ್ರಿ

ಬಾಟಲಿಯ ಮುಚ್ಚಳಕ್ಕೆ ಏಳು ಸುತ್ತು ದಾರ, ಎರಡು ಗಂಟು, ಗಂಟಿನ ಮೇಲೆ ಕೆಂಪು ಅರಗು, ಅರಗಿನ ಮೇಲೆ ಉಂಗುರದ ಮುದ್ರೆ. ಒಳಗೆ ಔಷಧದ ನೀರಿನಲ್ಲಿ ಮುಳುಗಿದ್ದದ್ದು ನಮ್ಮ ದೊಡ್ಡಪ್ಪನ ಮೂತ್ರಕೋಶದಿಂದ ಕೆರೆದು ತೆಗೆದ ನಾಲ್ಕಾರು ಚೂರು ಗಡ್ಡೆ.

ಗುಲ್ಬರ್ಗದ ಡಾಕ್ಟರು ಅದನ್ನು ಪರೀಕ್ಷೆಗೆಂದು ಹೈದರಾಬಾದಿಗೆ ಕಳಿಸಿದ್ದರು. ದೊಡ್ಡವ್ವನ ಜೊತೆ ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು ತಂದವರು ಸ್ವತಃ ದೊಡ್ಡಪ್ಪನೇ.

"ಅರಗು ಯಾಕ್ರಿ ದೊಡ್ಡಪ್ಪಾ?"

"ದಾರ್ಯಾಗ ಯಾರರೆ ಬದಲ್ ಮಾಡಿದ್ರ?"

ಇನ್ನೊಬ್ಬರ ಗಡ್ಡೆಯನ್ನು ಕದ್ದು ಯಾರು ಏನು ಮಾಡಿಕೊಳ್ಳುತ್ತಾರೆ? ಹೀಗೆ ಕೇಳುವವರು ನಮ್ಮ ದೊಡ್ಡಪ್ಪನನ್ನು ಕಂಡವರಲ್ಲ. ಹೊತ್ತು ಮೂಡಿದೆ ಎಂದರೂ ಅಂಗಳಕ್ಕೆ ಹೋಗಿ ನೋಡಿ ಬರುವ ಮನುಷ್ಯ ಜೇವರ್ಗಿ ತಾಲೂಕಿನಲ್ಲಿ ಅವರೊಬ್ಬರೇ! ಕೈಗೊಂದು, ಜೇಬಿಗೊಂದು, ಎರಡು ಗಡಿಯಾರ ಇಟ್ಟಿದ್ದರು. ಬೇರೆ ಬೇರೆ ಹೊತ್ತು ತೋರಿಸಿದರೆ ಎರಡರ ಮೇಲೂ ಸಂಶಯ. ಒಂದೇ ಹೊತ್ತು ತೋರಿಸಿದರೆ, "ಎರಡೂ ಒಳಗಿಂದೊಳಗ ಮಾತಾಡಿಕೊಂಡಾವ!"

ಅಂದೋಲಾದಲ್ಲಿ ಅವರದು ತೊಗರಿ ವ್ಯಾಪಾರ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಕಾಳು ತೆಗೆದು ನೋಡುವುದು ಆ ವ್ಯಾಪಾರದ ರೀತಿ. ಉಳಿದವರು ಒಂದು ಸಲ ಚುಚ್ಚಿದರೆ ದೊಡ್ಡಪ್ಪ ಮೂರು ಸಲ: ಬಾಯಿಯ ಹತ್ತಿರ, ನಡುವಿನಲ್ಲಿ, ತಳದಲ್ಲಿ. ದೊಡ್ಡವ್ವ ನಗುತ್ತ ಹೇಳುತ್ತಿದ್ದಳು: "ಕನ್ಯಾ ನೋಡಾಕೂ ಮೂರು ಸಲ ಬಂದಿದ್ರು. ಮೂರನೇ ಸಲ ನಮ್ಮಪ್ಪಗ, 'ಮೊನ್ನೆ ತೋರಿಸಿದ ಹುಡುಗಿ ಇಕೀನ ಹೌದಿಲ್ಲೋ?' ಅಂತ ಕೇಳಿದ್ರು."

ಮೂತ್ರ ಕೆಂಪಾದಾಗ ಮೊದಲು ಸಂಶಯ ಬಂದದ್ದು ದೊಡ್ಡವ್ವನ ಕೆಂಪು ಖಾರದ ಮೇಲೆ. ಆಮೇಲೆ ಬಾವಿಯ ನೀರಿನ ಮೇಲೆ. ಆಮೇಲೆ ಹೊಸ ಹಿತ್ತಾಳೆ ಕೊಡದ ಮೇಲೆ. ದಿನಕ್ಕೆರಡು ಕಟ್ಟು ಬೀಡಿಯ ಮೇಲೆ ಮಾತ್ರ ಬರಲೇ ಇಲ್ಲ! ಜನ್ಮದಲ್ಲಿ ಅವರು ಪೂರ್ತಿ ನಂಬಿದ ವಸ್ತು ಅದೊಂದೇ.

ತೊಂಬತ್ತರ ದಶಕದ ಮಾತು. ನಾನು ಆಗ ಹೈದರಾಬಾದಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಮೂತ್ರಕೋಶದ ಗಡ್ಡೆಯನ್ನು ತೆಳುವಾಗಿ ಕೊಯ್ದು, ಒಂದು ಪ್ರೋಟೀನನ್ನು ಹುಡುಕುವ ಬಣ್ಣ ಹಾಕುವುದು ನನ್ನ ಕೆಲಸ. ಕೋಶಗಳನ್ನು ಹತೋಟಿಯಲ್ಲಿಡುವ ಜೀನು ಕೆಟ್ಟಿದ್ದರೆ ಸಾಮಾನ್ಯವಾಗಿ ಈ ಬಣ್ಣಕ್ಕೆ ಅವುಗಳ ಕೇಂದ್ರಗಳು ಕಂದಾಗುತ್ತವೆ. ಹೆಚ್ಚು ಕಂದಾದ ಗಡ್ಡೆ ಮರಳಿ ಬರುತ್ತದೆಯೇ, ಆಳಕ್ಕೆ ಇಳಿಯುತ್ತದೆಯೇ? ಅದೇ ನನ್ನ ಪ್ರಶ್ನೆ. ಖಚಿತ ಉತ್ತರ ಯಾರಲ್ಲೂ ಇರಲಿಲ್ಲ.

"ಅಂದ್ರ ಗಡ್ಡಿ ಜಾತಕ ಬರ್ಯಾಕತ್ತೀದಿ."

"ಜಾತಕ ಅಲ್ರಿ, ಗುರುತು ಹುಡುಕಾಕತ್ತೇನಿ. ನಿಮ್ಮದೊಂದು ಚೂರು ನನಗೂ ಕೊಡ್ತೀರೇನ್ರಿ?"

"ತಗೋ. ಉಳಿದಿದ್ದು ವಾಪಸ್ ತೋರಿಸು."

ದೊಡ್ಡಪ್ಪನನ್ನು ನಮ್ಮ ಆಸ್ಪತ್ರೆಯ ವಾರ್ಡಿನಲ್ಲೇ ಇರಿಸಿಕೊಂಡಿದ್ದರು. ನಾಲ್ಕನೆಯ ದಿನ ಆಸ್ಪತ್ರೆಯ ವರದಿ ಬಂತು. ಕ್ಯಾನ್ಸರ್ ಹೌದು, ಆದರೆ ಮೇಲ್ಪದರದಲ್ಲಷ್ಟೇ ಇದೆ. ದೊಡ್ಡವ್ವ ಎಲ್ಲರ ಕೈಗೂ ಸಕ್ಕರೆ ಹಾಕಿದಳು. ದೊಡ್ಡಪ್ಪ ಸಕ್ಕರೆಯನ್ನು ಅಂಗೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಯವ್ವಾ, ಚೂರು ಎಲ್ಲಿಂದ ತಗದಾರ?"

"ಅಂದ್ರ?"

"ಚೀಲದ ಬಾಯ್ಯಾಗ ಎಲ್ಲಾರೂ ಛಲೋ ಕಾಳ ಇಟ್ಟಿರ್ತಾರ. ತಳದ ಕಾಳು ಬಂದದೋ ಇಲ್ಲೋ?"

ನಕ್ಕೆ. ಆದರೂ ಅವರ ಸಮಾಧಾನಕ್ಕೆಂದು ವರದಿಯನ್ನು ಮತ್ತೆ ತೆರೆದೆ. ಕೊನೆಯ ಸಾಲು: ಮಾದರಿಯಲ್ಲಿ ಸ್ನಾಯುಪದರ ಸೇರಿಲ್ಲ. ಆ ಸ್ನಾಯುವೇ ಮೂತ್ರಕೋಶದ ತಳದ ಕಾಳು! ಅದನ್ನು ನೋಡದೆ ರೋಗ ಒಳಗಿಳಿದಿಲ್ಲವೆಂದು ಹೇಳುವಂತಿಲ್ಲ. ಅಷ್ಟೆಲ್ಲ ಓದಿದ ನಾನು ಆ ಸಾಲನ್ನು ದಾಟಿ ಹೋಗಿದ್ದೆ.

ಸಂಜೆ ನನ್ನ ಸ್ಲೈಡು ಸಿದ್ಧವಾಯಿತು. ಎಲ್ಲಿ ನೋಡಿದರೂ ಕಂದು, ತೊಗರಿ ಸಿಪ್ಪೆಯ ಬಣ್ಣ.

ವರದಿಯ ಆ ಸಾಲನ್ನೂ ಸ್ಲೈಡನ್ನೂ ಸರ್ಜನ್ನರಿಗೆ ತೋರಿಸಿದೆ. ಇನ್ನೊಮ್ಮೆ ಆಳವಾಗಿ ಕೆರೆದು ನೋಡಬೇಕು ಎಂದರು. ಸ್ನಾಯುವಿಗೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕು. ನೋಡದೆ ಬಿಟ್ಟರೆ ಜೀವವೇ ಹೋಗಬಹುದು.

ಹೇಳಬೇಕಾದವಳು ನಾನು.

"ಕಂದು ಬಂದದ್ರಿ ದೊಡ್ಡಪ್ಪಾ."

"ಒಳಗ ಇಳದದ ಅಂತೇನು?"

"ಗೊತ್ತಿಲ್ರಿ. ಈ ಬಣ್ಣ ನೂರು ಮಂದಿ ಬಗ್ಗೆ ಏನರೆ ಹೇಳಬಹುದು. ಒಬ್ಬರ ಬಗ್ಗೆ ಖಾತ್ರಿ ಹೇಳಂಗಿಲ್ಲ. ಸಂಶಯ, ಅಷ್ಟ."

ದೊಡ್ಡಪ್ಪ ನನ್ನನ್ನೇ ನೋಡಿದರು. ಆಮೇಲೆ ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. "ಕೇಳಿದೇನ ಬೇ! ಜನ್ಮೆಲ್ಲಾ ಸಂಶಯದ ಮನಷ್ಯಾ ಅಂತ ನನಗ ಬೈದಿ. ಮನೀ ಮಗಳು ಅದರಾಗ ಡಿಗ್ರಿ ತಗೋಳಾಕತ್ತಾಳ!"

ದೊಡ್ಡವ್ವ ನಗಲಿಲ್ಲ. "ಇನ್ನೊಮ್ಮೆ ಕೆರೀಲಿ. ನೀವು ಮನ್ಯಾಗ ಇದ್ರ ಸಾಕು. ನಿಮ್ಮ ಸಂಶಯಾನೂ ಇರ್ಲಿ, ನಾ ಬ್ಯಾಡ ಅನ್ನಂಗಿಲ್ಲ."



ಒಪ್ಪಿಗೆಯ ಕಾಗದ ಬಂತು. ಈ ಕಡೆ ಇಂಗ್ಲಿಷು, ಹಿಂದೆ ಉರ್ದು. ದೊಡ್ಡಪ್ಪ ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಕಲಿತವರು. ಬಸ್ ಟಿಕೀಟಿನ ಹಿಂಬದಿಯನ್ನೂ ಓದುವವರು. ಕಾಗದವನ್ನು ಮಾತ್ರ ತಿರುಗಿಸಲಿಲ್ಲ.

"ನೀ ಓದೀಯೇನು?"

"ಓದೇನ್ರಿ."

"ಎಲ್ಲಾ?"

"ಎಲ್ಲಾ."

"ಸಹಿ ಎಲ್ಲಿ, ತೋರಿಸು."

ಬೆರಳಿಟ್ಟು ತೋರಿಸಿದೆ. ದೊಡ್ಡಪ್ಪ ಉರ್ದುವಿನಲ್ಲಿ ನಿಧಾನವಾಗಿ ಹೆಸರು ಬರೆದರು. ನಾನು ಹೇಳಿದ್ದು ಸುಳ್ಳು. ಜೀವಕ್ಕೆ ಅಪಾಯ ಆಗಬಹುದು ಎಂದಿದ್ದ ಎರಡನೆಯ ಪ್ಯಾರಾದಲ್ಲೇ ನಾನು ಓದುವುದನ್ನು ನಿಲ್ಲಿಸಿದ್ದೆ.

ಮರುದಿನ ಬೆಳಿಗ್ಗೆ, ಅವರನ್ನು ಒಳಗೆ ಕರೆದೊಯ್ಯುವ ಮೊದಲೇ, ವಾರ್ಡಿನ ಸಿಸ್ಟರ್ ಹತ್ತಿರ ಆ ಕಾಗದ ಕೇಳಿ ತೆಗೆದುಕೊಂಡೆ. ಇಂಗ್ಲಿಷನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಂತುಕೊಂಡೇ ಓದಿದೆ. ಉರ್ದು ನನಗೆ ಬಾರದು. ಸಿಸ್ಟರಿಂದ ಓದಿಸಿ, ಪೂರ್ತಿ ಕೇಳಿದೆ.