ಮೇಷ್ಟ್ರ ಎರಡನೇ ಬ್ರೇಕು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಲೋಕದ ಮೇಲೆ ಇದ್ದ ದೂರು ಒಂದೇ: ಕಲಿಸುವವನ ಕಷ್ಟ ಕಲಿಯುವವರಿಗೆ ತಿಳಿಯುವುದಿಲ್ಲ. ಎದುರಿಗೆ ಲಾರಿ ಬಂದರೆ ಸ್ಟೇರಿಂಗ್ ಹಿಡಿದವರು ಕಣ್ಣು ಮುಚ್ಚಿಕೊಳ್ಳಬಹುದು, ಪಕ್ಕದಲ್ಲಿ ಕೂತ ಮೇಷ್ಟ್ರು ಮುಚ್ಚಿಕೊಳ್ಳುವಂತಿಲ್ಲ. ಅದಕ್ಕೇ ಆ ಕಾರಿನಲ್ಲಿ ಅವರ ಕಾಲಡಿಗೂ ಒಂದು ಬ್ರೇಕು ಇತ್ತು. ಕಲಿಯುವವರು ತಪ್ಪು ಮಾಡುವ ಮೊದಲೇ ಅದನ್ನು ಒತ್ತುವುದು ಅವರ ಕಸುಬು. ವರ್ಷಗಟ್ಟಲೆ ಒತ್ತಿ ಒತ್ತಿ ಅವರ ಬಲಗಾಲು ಯಾರ ಮಾತನ್ನೂ ಕೇಳದ ಸ್ವತಂತ್ರ ಸಂಸ್ಥಾನವಾಗಿಬಿಟ್ಟಿತ್ತು. (ಬಸ್ಸಿನಲ್ಲಿ ಕೂತರೂ ಅದು ಮುಂದೆ ನಿಂತವರ ಚಪ್ಪಲಿ ತುಳಿಯುತ್ತಿತ್ತು. ಕ್ಷಮೆ ಕೇಳುವ ಕೆಲಸ ಮಾತ್ರ ಬಾಯಿಯದು.)

ಇಂಥ ಮೇಷ್ಟ್ರ ಪಾಲಿಗೆ ಮಗಳನ್ನು ಓದಿಸುವ ಕೆಲಸ ಬಂತು. ಎರಡನೇ ತರಗತಿಯ ಮಗಳು. ಸಣಕಲು ಮೈಯವಳಾದ್ದರಿಂದ ಮನೆಯಲ್ಲಿ ಎಲ್ಲರ ಬಾಯಲ್ಲೂ ಕಡ್ಡಿ. ಅವಳ ಟೀಚರು ಅಪ್ಪ ಅಮ್ಮಂದಿರನ್ನೆಲ್ಲ ಕರೆದು, "ದಿನಾ ಸಂಜೆ ಸ್ವಲ್ಪ ಹೊತ್ತು ಮಕ್ಕಳ ಜೊತೆ ಕೂತು ಓದಿಸಿ. ತಿಂಗಳ ಕೊನೆಗೆ ನಿಮ್ಮ ಎದುರಿಗೇ ಒಬ್ಬೊಬ್ಬರಿಂದ ಓದಿಸ್ತೀನಿ. ತಡವರಿಸೋ ಮಕ್ಕಳು ಆಮೇಲೆ ಬೆಳಗ್ಗೆ ಬೇಗ ಬಂದು ಬೇರೆ ಗುಂಪಲ್ಲಿ ಕೂರಬೇಕಾಗುತ್ತೆ" ಎಂದಿದ್ದರು. ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಸಂಜೆ ಪಾಳಿ. ಹಾಗಾಗಿ ಪಟ್ಟಾಭಿಷೇಕ ಮೇಷ್ಟ್ರಿಗೇ ಆಯಿತು.

'ಬೇರೆ ಗುಂಪು' ಎಂಬ ಮಾತು ಅವರ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಊರಿಗೆಲ್ಲ ಕಲಿಸುವವನ ಮಗಳು ದಡ್ಡಿ ಅನ್ನಿಸಿಕೊಳ್ಳುವುದೇ? ಅವರ ಮರ್ಯಾದೆ ಹಾಳಾಗಿ ಹೋಗಲಿ, ಅಷ್ಟು ಜನರ ಮುಂದೆ ಆ ಪುಟ್ಟ ಮುಖ ಬಾಡುವುದನ್ನು ನೋಡುವ ಶಕ್ತಿ ಅವರಿಗಿರಲಿಲ್ಲ.

ಪುಸ್ತಕ ಹಲ್ಲುನೋವು ಬಂದ ಆನೆಯ ಕಥೆ. ಕಡ್ಡಿ ಕಾಲು ಮಡಚಿ ಕೂತು ಶುರು ಮಾಡಿದಳು. "ಒಂದು ಕಾಡಿನಲ್ಲಿ ಒಂದು ಆನೆ ಇತ್ತು. ಒಂದು ದಿನ ಅದಕ್ಕೆ..."

ಮುಂದೆ ಒತ್ತಕ್ಷರದ ದೊಡ್ಡ ಪದ ಕಾಣುತ್ತಲೇ ಮೇಷ್ಟ್ರ ಉಸಿರು ಬಿಗಿಯಾಯಿತು, ಹಣೆ ಬೆವರಿತು, ಬಲಗಾಲು ನೆಲವನ್ನು ಒತ್ತಿತು. "ಹಲ್ಲುನೋವು," ಎಂದರು ಅವರೇ.

"ಹಲ್ಲುನೋವು ಬಂತು," ಎಂದಳು ಕಡ್ಡಿ, ಅಪ್ಪನ ಮುಖವನ್ನೇ ನೋಡುತ್ತಾ.

ಹೀಗೇ ದಿನವೂ ನಡೆಯಿತು. ಬರಬರುತ್ತಾ ಕಡ್ಡಿ ದೊಡ್ಡ ಪದ ಬಂದಲ್ಲೆಲ್ಲ ನಿಂತು ಅಪ್ಪನ ಕಡೆ ನೋಡತೊಡಗಿದಳು. ಮೇಷ್ಟ್ರು ಪದವನ್ನು ಹೇಳಿ ನಿಟ್ಟುಸಿರುಬಿಟ್ಟು, ಸದ್ಯ, ಗುದ್ದಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದರು.

ರಜೆಯ ದಿನ ಹೆಂಡತಿ ಬಟ್ಟೆ ಮಡಚುತ್ತಾ ಇದನ್ನೆಲ್ಲ ಕೇಳಿಸಿಕೊಂಡಳು. "ಏನ್ರೀ, ಓದ್ತಿರೋದು ಅವಳೋ ನೀವೋ?"

"ಸಹಾಯ ಮಾಡ್ತಿದೀನಿ ಕಣೇ."

"ಅವಳು ಬಾಯಿ ತೆಗೆಯೋಕೆ ಮುಂಚೆ ಅವಳ ತುತ್ತು ನೀವೇ ನುಂಗಿದ್ರೆ ಅದು ಸಹಾಯಾನಾ? ಅವತ್ತು ಟೀಚರ ಎದುರಿಗೆ ನಿಂತಾಗ ಪಕ್ಕದಲ್ಲಿ ನೀವಿರ್ತೀರಾ?"

ಮಾತು ನಿಜ. ಆದರೆ ಬಾಯಿ ಸುಮ್ಮನಿರಬೇಕಲ್ಲ. ಅದಕ್ಕೆ ಹೆಂಡತಿಯೇ ಮದ್ದು ಸೂಚಿಸಿದಳು. ಮಗಳು ಓದಿ ಮುಗಿಸುವ ತನಕ ಬಾಯಿ ತುಂಬ ನೀರು ಹಿಡಿದುಕೊಂಡು ಕೂರಬೇಕು. ಕೂತರು. ಆನೆ ದಂತವೈದ್ಯನ ಬಾಗಿಲಿಗೆ ಬಂತು. "ದಂತವೈದ್ಯ ನೋಡಿ, ಇದಕ್ಕೆ..." ಎಂದು ಓದಿ ಕಡ್ಡಿ ನಿಂತಳು. ಮುಂದಿದ್ದದ್ದು 'ಶಸ್ತ್ರಚಿಕಿತ್ಸೆ' ಎಂಬ ಘನಘೋರ ಪದ. ಕಡ್ಡಿ ಅಪ್ಪನನ್ನು ನೋಡಿದಳು. ಅಪ್ಪನ ಕಣ್ಣುಗುಡ್ಡೆಗಳು ಹೊರಗೆ ಬಂದವು, ಕೆನ್ನೆ ನಡುಗಿತು. ಆಮೇಲೆ ಶಸ್ತ್ರಚಿಕಿತ್ಸೆಯೂ ನೀರೂ ಒಟ್ಟಿಗೇ ಹೊರಬಂದವು. ಆನೆಗೆ ಸ್ನಾನವಾಯಿತು, ಪುಸ್ತಕವನ್ನು ಫ್ಯಾನಿನ ಕೆಳಗೆ ಒಣಗಿಸಬೇಕಾಯಿತು.

ಓದಿನ ದಿನ ಬಂದೇ ಬಂತು. ಅಪ್ಪ ಅಮ್ಮಂದಿರೆಲ್ಲ ತರಗತಿಯ ಹಿಂಭಾಗದಲ್ಲಿ ಮಕ್ಕಳ ಕುರ್ಚಿಗಳ ಮೇಲೆ ಮಂಡಿ ಗದ್ದಕ್ಕೆ ತಾಗುವಂತೆ ಕೂತಿದ್ದರು. ಕಡ್ಡಿಯ ಸರದಿ ಬಂತು. ಹಲ್ಲುನೋವನ್ನು ಸಲೀಸಾಗಿ ದಾಟಿದಳು, ದಂತವೈದ್ಯನನ್ನೂ ದಾಟಿದಳು. ಮೇಷ್ಟ್ರಿಗೆ ಆಶ್ಚರ್ಯ. ಅಷ್ಟರಲ್ಲಿ, "ಇದಕ್ಕೆ..." ಎಂದು ನಿಂತೇಬಿಟ್ಟಳು. ತಲೆಯೆತ್ತಿ ಹಿಂದೆ ಕೂತ ಅಪ್ಪನ ಕಡೆ ನೋಡಿದಳು.

ಮೇಷ್ಟ್ರ ಕಣ್ಣಿಗೆ ಬೇರೆ ಗುಂಪು ಕಂಡಿತು, ಚಳಿಯ ಬೆಳಗಿನಲ್ಲಿ ಒಬ್ಬಳೇ ತೂಕಡಿಸುತ್ತಾ ನಡೆಯುವ ಮಗಳು ಕಂಡಳು. ಕಾಲು ನೆಲವನ್ನೊತ್ತಿತು. "ಶಸ್ತ್ರಚಿಕಿತ್ಸೆ!" ಎಂದು ಕೂಗಿಯೇಬಿಟ್ಟರು.

"ಅಪ್ಪನವರೇ, ದಯವಿಟ್ಟು ಸುಮ್ನಿರಿ," ಎಂದರು ಟೀಚರು.

ಕಡ್ಡಿಯ ಮುಖ ಮಾತ್ರ ಅರಳಿತ್ತು. "ನೋಡಿದ್ರಾ ಮಿಸ್? ಒಂದೂ ತಪ್ಪಿಲ್ಲದೆ ಹೇಳಿದ್ರು."

"ಯಾರು?"

"ನಮ್ಮಪ್ಪ. ದೊಡ್ಡ ಪದ ಬಂದ್ರೆ ಅವರಿಗೆ ಭಯ ಮಿಸ್. ಉಸಿರು ಬಿಗಿ ಹಿಡಿದು ಬೆವರ್ತಾರೆ. ಈಗಲೂ ನೋಡಿ, ಬೆವರ್ತಿದಾರೆ. ಎಲ್ಲಾ ನಾನೇ ಓದಿಬಿಟ್ರೆ ಅವರು ಕಲಿಯೋದು ಯಾವಾಗ? ಅದಕ್ಕೆ ದೊಡ್ಡ ಪದಗಳನ್ನೆಲ್ಲ ಅವರಿಗೇ ಬಿಡ್ತೀನಿ. ಮೊದಲಿಗಿಂತ ಈಗ ತುಂಬಾ ಸುಧಾರಿಸಿದಾರೆ."

ಮೇಷ್ಟ್ರು ಇಂಗು ತಿಂದ ಮಂಗನಂತಾದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯಲು ಹೋಗಿ ಸೋತಳು. ಟೀಚರು ನಗುತ್ತಲೇ, "ಸರಿ, ಅಪ್ಪನ ಪಾಲಿಂದೂ ಸೇರಿಸಿ ನೀನೇ ಓದಮ್ಮ," ಎಂದರು. ಕಡ್ಡಿ ಶಸ್ತ್ರಚಿಕಿತ್ಸೆಯನ್ನು ಕಡಲೆಕಾಯಿ ಬಿಡಿಸಿದಷ್ಟು ಸುಲಭವಾಗಿ ಓದಿ, ಪುಟ ಮುಗಿಸಿ ಕೂತಳು. ಬೇರೆ ಗುಂಪಿನ ಮಾತೇ ಬರಲಿಲ್ಲ. ಮೇಷ್ಟ್ರಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವಮಾನವೋ ಆನಂದವೋ ಅದೂ ತಿಳಿಯಲಿಲ್ಲ.

ಆ ಸಂಜೆ ಕಡ್ಡಿ ಪುಸ್ತಕವನ್ನು ಅಪ್ಪನ ತೊಡೆಯ ಮೇಲಿಟ್ಟಳು. "ಇವತ್ತು ಕೊನೇ ಪುಟ ಪೂರ್ತಿ ನೀನೇ ಓದು. ಹೆದರ್ಕೋಬೇಡ, ನಾನಿದೀನಿ."

ರಜೆ ಹಾಕಿದ್ದ ಹೆಂಡತಿಯೂ ಬಂದು ಹತ್ತಿರ ಕೂತಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದಿದರು. ಹಲ್ಲು ಕಿತ್ತಾಯಿತು, ಆನೆ ಮನೆಯ ದಾರಿ ಹಿಡಿಯಿತು. "ಮರಿಯಾನೆ ಅಪ್ಪನ ಸೊಂಡಿಲು ಹಿಡಿದುಕೊಂಡು..." ಎಂಬಲ್ಲಿಗೆ ಬಂದರು. ಮುಂದಿನ ಪದದಲ್ಲಿ ಒಂದು ಒತ್ತಕ್ಷರವೂ ಇರಲಿಲ್ಲ. ಆದರೂ ಮೇಷ್ಟ್ರ ಕಣ್ಣಿಗೆ ಅಕ್ಷರಗಳು ಮಂಜಾದವು, ಓದು ಅಲ್ಲೇ ನಿಂತಿತು.

ಹೆಂಡತಿಗೆ ಕನಿಕರ ಉಕ್ಕಿತು. ಬಗ್ಗಿ ನೋಡಿ ಪದ ಹೇಳಿಕೊಡಲು ಬಾಯಿ ತೆರೆದಳು. ಕಡ್ಡಿ ಥಟ್ಟನೆ ಅಮ್ಮನ ಬಾಯಿಗೆ ಕೈ ಅಡ್ಡ ಇಟ್ಟಳು.

"ಹೇಳ್ಕೊಡಬೇಡ ಅಮ್ಮ. ಅಪ್ಪಂಗೆ ಬರುತ್ತೆ. ಸ್ವಲ್ಪ ಕಾಯೋಣ."